ಗೊಂಬೆಗೆ ಸ್ಟಿಕ್ಕರ್ ಅಂಟಿಸೋಣ

ಮಕ್ಕಳೇ, ನಾರಾಯಣಪೇಟೆಯ ಅಂಗಡಿಯಲ್ಲಾಗಲಿ, ಮಕ್ತಲಿನ ಪಡಮಟಿ ಆಂಜನೇಯ ಸ್ವಾಮಿಯ ಜಾತ್ರೆಯಲ್ಲಾಗಲಿ ನೀವು ಬಗೆಬಗೆಯ ಆಟಿಕೆಗಳನ್ನು ನೋಡಿರುವಿರಿ. ರೂಪ ಬದಲಿಸುವ ಗೊಂಬೆಯನ್ನು ನೋಡಿದ್ದೀರಾ? ಮೊದಲು ಅದು ಒಂದು ಕಾರು. ಅದರ ಬಾಗಿಲುಗಳನ್ನು ಬಿಚ್ಚಬೇಕು. ಹಿಂಭಾಗವನ್ನು ಎಳೆಯಬೇಕು. ಆಗ ಕೈಕಾಲುಗಳು ಹೊರಬರುತ್ತವೆ. ತಲೆ ಮೇಲೇಳುತ್ತದೆ. ಕಾರು ರೋಬೋ ಆಗುತ್ತದೆ. ರೋಬೋ ಎಂದರೆ ಯಂತ್ರಮಾನವ.

ಇಂತಹ ಗೊಂಬೆಗಳನ್ನು ಜಪಾನ್ ದೇಶದ ಟಕಾರಾ ಎಂಬ ಕಂಪನಿಯವರು ತಯಾರಿಸಿದರು. ಅಮೆರಿಕದ ಹಾಸ್‌ಬ್ರೋ ಕಂಪನಿಯವರು 1984ರಲ್ಲಿ ಅವುಗಳನ್ನು 'ಟ್ರಾನ್ಸ್‌ಫಾರ್ಮರ್ಸ್' ಎಂಬ ಹೆಸರಿನಿಂದ ಮಾರತೊಡಗಿದರು. ಪೆಟ್ಟಿಗೆಯಲ್ಲಿ ಗೊಂಬೆಯ ಜೊತೆಗೆ ಒಂದು ಸ್ಟಿಕ್ಕರ್ ಹಾಳೆಯೂ ಇರುತ್ತಿತ್ತು. ಮಕ್ಕಳೇ ಅವುಗಳನ್ನು ಬಿಡಿಸಿ ಅಂಟಿಸಬೇಕಾಗಿತ್ತು. 1985ರಿಂದ ಒಂದು ವಿಶೇಷ ಸ್ಟಿಕ್ಕರ್ ಬಂದಿತು. ಹೆಬ್ಬೆರಳಿನಿಂದ ಅದನ್ನು ಉಜ್ಜಿದರೆ ಬಿಸಿಗೆ ಒಂದು ಚಿತ್ರ ಕಾಣಿಸುತ್ತಿತ್ತು. ಆ ರೋಬೋ ಯಾವ ಪಕ್ಷದ್ದು ಎಂದು ಅದರಿಂದ ತಿಳಿಯುತ್ತಿತ್ತು.

ಆಡಿದಂತೆಲ್ಲ ಸ್ಟಿಕ್ಕರುಗಳು ಸವೆಯುತ್ತವೆ. ಅಂಚುಗಳು ಮೇಲೇಳುತ್ತವೆ. ಬಣ್ಣ ಮಾಸುತ್ತದೆ. ಹಾಗೆಂದು ಗೊಂಬೆಯನ್ನು ಎಸೆಯಬೇಕೇ? ಬೇಡ. ಅಂತಹ ಗೊಂಬೆಗಳಿಗಾಗಿಯೇ ಹೊಸ ಸ್ಟಿಕ್ಕರ್ ಹಾಳೆಗಳನ್ನು ಬೇರೆಯಾಗಿ ಮಾರುತ್ತಾರೆ. ಅಣ್ಣ ಆಡಿ ಬಿಟ್ಟ ಗೊಂಬೆ ಹೊಸದರಂತಾಗಿ ತಂಗಿಯ ಕೈ ಸೇರಬಹುದು. ಆದರೆ ಹಾಳೆ ಒಂದೇ ಇರುತ್ತದೆ. ಒಂದು ಸ್ಟಿಕ್ಕರ್ ಹರಿದರೆ ಅದರ ಜಾಗ ಬರಿದಾಗಿಯೇ ಉಳಿಯುತ್ತದೆ. ಆದ್ದರಿಂದ ಕೆಲಸವನ್ನು ತಿಳಿದು ಮಾಡಬೇಕು.

ಸ್ಟಿಕ್ಕರ್ ಹೇಗೆ ಅಂಟುತ್ತದೆ? ಅದರ ಹಿಂಬದಿಯಲ್ಲಿ ತೆಳುವಾದ ಅಂಟು ಇರುತ್ತದೆ. ಈ ಅಂಟಿಗೆ ನೀರೂ ಬೇಡ, ಬೆಂಕಿಯೂ ಬೇಡ. ಒತ್ತಿದರೆ ಸಾಕು, ಹಿಡಿದುಕೊಳ್ಳುತ್ತದೆ. ಇಂತಹ ಚೀಟಿಗಳನ್ನು ತಯಾರಿಸುವ ಕೆಲಸವನ್ನು 1935ರಲ್ಲಿ ಅಮೆರಿಕದ ಸ್ಟ್ಯಾಂಟನ್ ಏವರಿ ಎಂಬುವರು ಆರಂಭಿಸಿದರು. ಹಾಗಾದರೆ ಸ್ಟಿಕ್ಕರ್ ತನ್ನ ಹಾಳೆಗೇ ಗಟ್ಟಿಯಾಗಿ ಅಂಟಿಕೊಳ್ಳುವುದಿಲ್ಲವೇಕೆ? ಆ ಹಾಳೆಗೆ ನುಣುಪಾದ ಲೇಪ ಹಚ್ಚಿರುತ್ತಾರೆ. ಲೇಪದ ಮೇಲೆ ಅಂಟಿನ ಹಿಡಿತ ಬಹಳ ಕಡಿಮೆ.

ಅಂಟು ಗೊಂಬೆಯ ಮೈಯನ್ನು ನೇರವಾಗಿ ಮುಟ್ಟಬೇಕು. ನಡುವೆ ಧೂಳಿದ್ದರೆ ಅಂಟು ಧೂಳನ್ನು ಹಿಡಿಯುತ್ತದೆ, ಗೊಂಬೆಯನ್ನು ಹಿಡಿಯುವುದಿಲ್ಲ. ನಮ್ಮ ಬೆರಳುಗಳಲ್ಲಿ ಎಣ್ಣೆಯ ಜಿಡ್ಡು ಇರುತ್ತದೆ. ಅದೂ ಅಂಟಿಗೆ ಅಡ್ಡಿಯೇ. ಆದ್ದರಿಂದ ಮೊದಲ ಕೆಲಸ ಗೊಂಬೆಯನ್ನು ಶುಚಿ ಮಾಡುವುದು.

ಹಳೆಯ ಸ್ಟಿಕ್ಕರನ್ನು ಒಂದು ಮೂಲೆಯಿಂದ ನಿಧಾನವಾಗಿ ಎಬ್ಬಿಸಿರಿ. ಅಂಟಿನ ಕಲೆ ಉಳಿದರೆ ಅದರ ಮೇಲೆ ಎರಡು ಹನಿ ಶೇಂಗಾ ಎಣ್ಣೆ ಹಚ್ಚಿರಿ. ಸ್ವಲ್ಪ ಹೊತ್ತು ಬಿಟ್ಟು ಬಟ್ಟೆಯಿಂದ ಉಜ್ಜಿರಿ. ಎಣ್ಣೆ ಅಂಟನ್ನು ಸಡಿಲಿಸುತ್ತದೆ. ಅನಂತರ ಬಟ್ಟೆಯನ್ನು ಸಾಬೂನು ನೀರಿನಲ್ಲಿ ಅದ್ದಿ ಹಿಂಡಿ ಒರೆಸಿರಿ. ಎಣ್ಣೆ ಉಳಿದರೆ ಹೊಸ ಸ್ಟಿಕ್ಕರ್ ನಿಲ್ಲುವುದಿಲ್ಲ. ಕೊನೆಗೆ ಗೊಂಬೆಯನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿರಿ.

ಎರಡನೆಯ ಕೆಲಸ ಜಾಗವನ್ನು ಗುರುತಿಸುವುದು. ಗೊಂಬೆಯನ್ನು ಕಾರಿನಿಂದ ರೋಬೋ ಮಾಡಿರಿ. ರೋಬೋದಿಂದ ಮತ್ತೆ ಕಾರು ಮಾಡಿರಿ. ಯಾವ ಭಾಗ ಯಾವುದಕ್ಕೆ ಉಜ್ಜುತ್ತದೆ ಎಂದು ನೋಡಿರಿ. ಉಜ್ಜುವ ಕಡೆ ಸ್ಟಿಕ್ಕರ್ ಬೇಡ. ಕೀಲುಗಳ ಮೇಲೂ ಬೇಡ. ಮನೆಯ ಬಾಗಿಲಿನ ಕೀಲಿನ ಮೇಲೆ ಕಾಗದ ಅಂಟಿಸಿದರೆ ಏನಾಗುತ್ತದೆ? ಬಾಗಿಲು ತೆರೆದೊಡನೆ ಹರಿಯುತ್ತದೆ. ಇಲ್ಲಿಯೂ ಹಾಗೆಯೇ. ಒಂದು ಚಿತ್ರ ಎರಡು ಭಾಗಗಳ ಮೇಲೆ ಬರುವಂತಿದ್ದರೆ ಅದನ್ನು ಮೊದಲೇ ಎರಡಾಗಿ ಕತ್ತರಿಸಿರಿ.

ಎಡ ಬಲ ಮರೆಯಬಾರದು. ಗೊಂಬೆ ನಿಮಗೆ ಎದುರಾಗಿ ನಿಂತಾಗ ಅದರ ಎಡಗೈ ನಿಮ್ಮ ಬಲಗೈ ಕಡೆಗೆ ಇರುತ್ತದೆ. ಅನುಮಾನ ಬಂದರೆ ಗೊಂಬೆಯ ಬೆನ್ನನ್ನು ನಿಮ್ಮ ಕಡೆ ತಿರುಗಿಸಿರಿ. ಆಗ ಅದರ ಎಡವೂ ನಿಮ್ಮ ಎಡವೂ ಒಂದೇ.

ಮೂರನೆಯ ಕೆಲಸ ಅಂಟಿಸುವುದು. ಸ್ಟಿಕ್ಕರನ್ನು ಬೆರಳಿನಿಂದ ಹಿಡಿಯದೆ ಚಿಮಟದ ತುದಿಯಿಂದ ಹಿಡಿಯಿರಿ. ಪ್ಲಾಸ್ಟಿಕ್ ಸ್ಟಿಕ್ಕರ್ ಆದರೆ ಜಾಗದ ಮೇಲೆ ಒಂದು ಹನಿ ಸಾಬೂನು ನೀರನ್ನು ಸವರಿರಿ. ನೀರಿನ ಮೇಲೆ ಸ್ಟಿಕ್ಕರ್ ಜಾರುತ್ತದೆ. ಆದ್ದರಿಂದ ಓರೆಯಾಗಿದ್ದರೆ ಸರಿಪಡಿಸಬಹುದು. ಬಳಿಕ ಹತ್ತಿಯಿಂದ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಹೋಗಿರಿ. ನೀರೂ ಗಾಳಿಯೂ ಹೊರಗೆ ಹೋಗುತ್ತವೆ. ಅಂಚಿನಿಂದ ನಡುವಿಗೆ ಒತ್ತಿದರೆ ಗಾಳಿ ಒಳಗೆ ಸಿಕ್ಕಿ ಗುಳ್ಳೆಯಾಗುತ್ತದೆ. ಕಾಗದದ ಸ್ಟಿಕ್ಕರಿಗೆ ಮಾತ್ರ ನೀರು ಹಾಕಬಾರದು. ಅದು ನೆನೆದು ಹರಿಯುತ್ತದೆ.

ಎಲ್ಲವನ್ನೂ ಅಂಟಿಸಿದ ಮೇಲೆ ಒಂದು ದಿನ ಗೊಂಬೆಯನ್ನು ಮುಟ್ಟಬೇಡಿರಿ. ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ! ಆದರೆ ಅಂಟು ಹಿಡಿತ ಬಿಗಿಯಾಗಲು ಸಮಯ ಬೇಕು. ನಮ್ಮ ಕಡೆಯ ಬೇಸಿಗೆಯ ಬಿಸಿಲಿನಲ್ಲಿ ಗೊಂಬೆಯನ್ನು ಇಡಬೇಡಿರಿ. ಬಿಸಿಗೆ ಅಂಟು ಮೆತ್ತಗಾಗುತ್ತದೆ, ಬಿಸಿಲಿಗೆ ಬಣ್ಣ ಮಾಸುತ್ತದೆ.

ಗದ್ವಾಲದ ಸೀರೆಯನ್ನು ನೋಡಿದ್ದೀರಲ್ಲವೇ? ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಎರಡು ಬಗೆಯ ನೂಲನ್ನು ನೇಕಾರರು ಮಗ್ಗದಲ್ಲಿಯೇ ಸೇರಿಸಿ ನೇಯುತ್ತಾರೆ. ಆ ಜೋಡಣೆ ನೂಲಿನದು. ನಮ್ಮ ಗೊಂಬೆಯ ಜೋಡಣೆ ಅಂಟಿನದು. ಆದರೂ ಎರಡಕ್ಕೂ ಬೇಕಾದ ಗುಣ ಒಂದೇ: ಮೊದಲು ಅಳತೆ, ಆಮೇಲೆ ಕೆಲಸ. ಅವಸರಪಟ್ಟರೆ ಸೀರೆಯ ಅಂಚೂ ಓರೆ, ಗೊಂಬೆಯ ಅಂಗಿಯೂ ಓರೆ.

ಹಳೆಯ ವಸ್ತುವನ್ನು ಎಸೆಯುವುದು ಸುಲಭ. ಅದನ್ನು ಸರಿಪಡಿಸಿ ಇನ್ನೊಬ್ಬರ ಕೈಗೆ ಕೊಡುವುದು ಜಾಣತನ. ನಿಮ್ಮ ಮನೆಯ ಮೂಲೆಯಲ್ಲಿಯೂ ಅಂತಹ ಗೊಂಬೆ ಇರಬಹುದು. ಹುಡುಕಿ ನೋಡಿರಿ.

ಯೋಚಿಸಿ ಹೇಳಿರಿ

1. ಸ್ಟಿಕ್ಕರ್ ಅಂಟಿಸುವ ಮೊದಲು ಗೊಂಬೆಯನ್ನು ಏಕೆ ಶುಚಿ ಮಾಡಬೇಕು?
2. ಕೀಲಿನ ಮೇಲೆ ಸ್ಟಿಕ್ಕರ್ ಅಂಟಿಸಿದರೆ ಏನಾಗುತ್ತದೆ?
3. ನಡುವಿನಿಂದ ಅಂಚಿನ ಕಡೆಗೆ ಒತ್ತಬೇಕು. ಏಕೆ?

ಮಾಡಿ ನೋಡಿರಿ

ಖಾಲಿ ಬೆಂಕಿಪೊಟ್ಟಣಗಳಿಂದ ಒಂದು ರೋಬೋ ಮಾಡಿರಿ. ಬಣ್ಣದ ಕಾಗದದ ಚಿತ್ರಗಳನ್ನು ಕತ್ತರಿಸಿ ಅದಕ್ಕೆ ಅಂಟಿಸಿರಿ. ತರಗತಿಯಲ್ಲಿ ಎಲ್ಲರಿಗೂ ತೋರಿಸಿರಿ.