ಕಾಫಿಯ ಲೋಟವೂ ಕಬ್ಬಿಣದ ಅಂಶವೂ

ಗಿಡದ ಎಲೆ ಬಿಳಿಚಿಕೊಂಡರೆ ನಾವು ಬೆಳೆಗಾರರು ಸುಮ್ಮನಿರುವವರಲ್ಲ. ಕಬ್ಬಿಣದ ಕೊರತೆಯೋ ಸತುವಿನ ಕೊರತೆಯೋ ಎಂದು ಚರ್ಚಿಸಿ, ಮಣ್ಣನ್ನು ಪರೀಕ್ಷೆಗೆ ಕಳುಹಿಸಿ, ಸಂಘದ ಗೋದಾಮಿನಿಂದ ಜಿಂಕ್ ಸಲ್ಫೇಟ್ ಒಯ್ದು ಸಿಂಪಡಿಸುತ್ತೇವೆ. ಅದೇ ತೋಟದಲ್ಲಿ ಹಣ್ಣು ಕುಯ್ಯುವ ಹೆಣ್ಣುಮಕ್ಕಳ ಮುಖ ಬಿಳಿಚಿರುವುದನ್ನು, ದಿಬ್ಬ ಹತ್ತುವಾಗ ಅವರು ಏದುಸಿರು ಬಿಡುವುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ? ತೋಟದ ಮಾತು ಹಾಗಿರಲಿ, ಮನೆಯೊಳಗಿನವರನ್ನಾದರೂ ನೋಡಿದ್ದೇವೆಯೇ?

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಸುಮಾರು 48. ಎಲ್ಲಕ್ಕೂ ಕಬ್ಬಿಣದ ಕೊರತೆಯೇ ಕಾರಣವಲ್ಲವಾದರೂ ಮುಖ್ಯ ಕಾರಣಗಳಲ್ಲಿ ಅದೊಂದು.

ವಯಸ್ಕರ ದೇಹದಲ್ಲಿರುವ ಕಬ್ಬಿಣವೆಲ್ಲ ಸೇರಿ 3–4 ಗ್ರಾಂ, ಅಂದರೆ ಒಂದು ಮೊಳೆಯಷ್ಟು. ಅದರ ಬಹುಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲಿದ್ದು, ಶ್ವಾಸಕೋಶದಿಂದ ಆಮ್ಲಜನಕವನ್ನು ಮೈಯೆಲ್ಲಕ್ಕೂ ಒಯ್ಯುತ್ತದೆ. ಕಬ್ಬಿಣ ಕಡಿಮೆಯಾದರೆ ಸುಸ್ತು, ತಲೆಸುತ್ತು, ಏದುಸಿರು. ತಿಂಗಳು ತಿಂಗಳೂ ರಕ್ತ ಹೋಗುವುದರಿಂದ ಹೆಂಗಸರಿಗೆ ಅದರ ಅಗತ್ಯ ಹೆಚ್ಚು. 2020ರ ಶಿಫಾರಸಿನಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಆದರೆ ಹೆಂಗಸಿಗೆ 29. ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರೆಂಬುದು ನಮಗೆಲ್ಲ ಗೊತ್ತಿದೆಯಷ್ಟೆ.

ಸುಣ್ಣ ಅತಿಯಾದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಎಟುಕದು. ಊಟದಲ್ಲಿಯೂ ಹೀಗೆಯೇ. ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪ ಭಾಗ ಮಾತ್ರ. ಮೀನು, ಮಾಂಸದ ಕಬ್ಬಿಣ ಅದಕ್ಕಿಂತ ಸುಲಭವಾಗಿ ಸೇರುತ್ತದೆ.

ಇನ್ನು ಮುಂದಿನದನ್ನು ಬರೆಯಲು ಕಾಫಿ ಬೆಳೆಗಾರರಾದ ನಮಗೆ ತುಸು ಸಂಕೋಚ. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಯೂ ಬೆರಳುಗಳೂ ಕಪ್ಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅಡಿಕೆಯ ಚೊಗರು ಕತ್ತಿಯ ಕಬ್ಬಿಣವನ್ನು ಹಿಡಿದುಕೊಳ್ಳುವುದರಿಂದ ಆಗುವ ಬಣ್ಣ ಅದು. ಕಾಫಿಯಲ್ಲಿಯೂ ಕ್ಲೋರೋಜೆನಿಕ್ ಆಮ್ಲವೇ ಮೊದಲಾದ, ಅದೇ ಬಳಗದ ವಸ್ತುಗಳಿವೆ. ಅವು ಊಟದ ಕಬ್ಬಿಣವನ್ನು ಹಿಡಿದು ಕರುಳಿನಲ್ಲಿ ಹೀರಲು ಬಿಡುವುದಿಲ್ಲ. 1983ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾಂಸದ ಊಟದ ಜೊತೆ ಒಂದು ಲೋಟ ಕಾಫಿ ಕುಡಿದವರಲ್ಲಿ ಕಬ್ಬಿಣದ ಹೀರಿಕೆ ನೂರಕ್ಕೆ 39ರಷ್ಟು ಕುಗ್ಗಿತು. ಚಹಾ ಕುಡಿದಾಗ 64. (ಚಹಾದವರು ಬೀಗುವಂತಿಲ್ಲ!) ಊಟಕ್ಕೆ ಒಂದು ಗಂಟೆ ಮೊದಲು ಕಾಫಿ ಕುಡಿದರೆ ಏನೂ ಕುಗ್ಗಲಿಲ್ಲ, ಊಟವಾಗಿ ಒಂದು ಗಂಟೆಗೆ ಕುಡಿದಾಗ ಮಾತ್ರ ಜೊತೆಯಲ್ಲಿ ಕುಡಿದಷ್ಟೇ ಕುಗ್ಗಿತು. ಆದ್ದರಿಂದ ತಪ್ಪು ಕಾಫಿಯದಲ್ಲ, ಹೊತ್ತಿನದು.

ಇದನ್ನು ನಾವು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಸೊಸೆ ಬಸುರಿಯಾಗಿದ್ದಾಗ ಕಬ್ಬಿಣದ ಗುಳಿಗೆ ಕೊಟ್ಟಿದ್ದರು. ಮರೆಯಬಾರದೆಂದು ನಾವೇ ದಿನವೂ ಬೆಳಗಿನ ದೋಸೆ ಕಾಫಿಯ ಜೊತೆಗೆ ಅದನ್ನು ಎದುರಿಗಿಡುತ್ತಿದ್ದೆವು. ಎರಡು ತಿಂಗಳಾದರೂ ರಕ್ತ ಏರಲಿಲ್ಲ. ಗುಳಿಗೆಯೇ ಕಳಪೆಯೆಂದು ದೂರಿದೆವು. ಊರಿಗೆ ಬರುತ್ತಿದ್ದ ದಾದಿಯೊಬ್ಬರು, "ಯಾವುದರ ಜೊತೆ ನುಂಗುತ್ತೀರಿ?" ಎಂದು ಕೇಳಿದಾಗ ನಮಗೆ ಉತ್ತರ ಹೇಳಲೂ ನಾಚಿಕೆಯಾಯಿತು. ಪದವಿ ಪಡೆದವರು, ಮಣ್ಣಿನ ಪರೀಕ್ಷೆಯ ಬಗ್ಗೆ ಭಾಷಣ ಮಾಡುವವರು! ಅಂದಿನಿಂದ ಗುಳಿಗೆ ನಿಂಬೆಯ ಪಾನಕದ ಜೊತೆಗೆ. ಮುಂದಿನ ಪರೀಕ್ಷೆಯಲ್ಲಿ ರಕ್ತ ಏರಿತ್ತು.

ನಿಂಬೆ, ನೆಲ್ಲಿ, ಸೀಬೆಗಳಲ್ಲಿರುವ ಸಿ ಜೀವಸತ್ವ ಸಸ್ಯಾಹಾರದ ಕಬ್ಬಿಣವನ್ನು ಕರುಳು ಹೀರುವ ರೂಪಕ್ಕೆ ತರುತ್ತದೆ. ಸಾರಿಗೆ ಕೊನೆಯಲ್ಲಿ ನಿಂಬೆ ಹಿಂಡುವುದು ಬರಿಯ ರುಚಿಗಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹುರಿಹಿಟ್ಟು ಮಾಡಿದರೆ ಕಬ್ಬಿಣವನ್ನು ತಡೆಯುವ ಫೈಟಿಕ್ ಆಮ್ಲ ಕಡಿಮೆಯಾಗುತ್ತದೆ. ರಾಗಿಯ ದೊಡ್ಡ ಗುಣ ಸುಣ್ಣದ ಅಂಶವೇ ಹೊರತು ಕಬ್ಬಿಣವಲ್ಲ ಎಂಬುದೂ ತಿಳಿದಿರಲಿ. ಸುಣ್ಣದ ಗುಳಿಗೆಯನ್ನೂ ಕಬ್ಬಿಣದ ಗುಳಿಗೆಯನ್ನೂ ಒಟ್ಟಿಗೆ ನುಂಗಬಾರದು. ಗರ್ಭಿಣಿಯರಿಗೆ ಸರ್ಕಾರ 180 ದಿನ ಕೊಡುವ ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ. ಅದಕ್ಕೆ ಹೆದರಿ ಅರ್ಧಕ್ಕೆ ಬಿಡುವವರು ಬಹಳ. ಆದರೆ ಪರೀಕ್ಷೆ ಮಾಡಿಸದೆ ತಾವಾಗಿಯೇ ಗುಳಿಗೆ ನುಂಗುವುದೂ ಬೇಡ.

ನೆರಳಿನ, ತೇವದ ತೋಟಗಳಿಗೆ ಇನ್ನೊಂದು ತೊಂದರೆಯಿದೆ: ಕೊಕ್ಕೆಹುಳು. ಬಯಲಲ್ಲಿ ಮಲವಿಸರ್ಜನೆಯಾದ ಮಣ್ಣಿನಿಂದ ಮರಿಹುಳು ಬರಿಗಾಲಿನ ಚರ್ಮವನ್ನು ತೂರಿ, ಕೊನೆಗೆ ಕರುಳಿಗಂಟಿಕೊಂಡು ರಕ್ತ ಹೀರುತ್ತದೆ. ಲೈನ್ ಮನೆಗಳಿಗೆ ಶೌಚಾಲಯ, ಕೆಲಸಗಾರರ ಕಾಲಿಗೆ ಚಪ್ಪಲಿ, ಇವೆರಡೂ ಇಲ್ಲದೆ ಗುಳಿಗೆ ಕೊಟ್ಟರೆ ತೂತಿನ ಕೊಡಕ್ಕೆ ನೀರು ಹೊಯ್ದಂತೆ. ನಮ್ಮ ತೋಟದಲ್ಲಿಯೂ ಈ ಕೆಲಸ ತಡವಾಗಿಯೇ ಆಯಿತೆಂದು ಒಪ್ಪಿಕೊಳ್ಳುತ್ತೇವೆ.

ಕಳೆದ ಕೊಯ್ಲಿನಲ್ಲಿ, ಮಧ್ಯಾಹ್ನದ ಬುತ್ತಿಯ ಜೊತೆ ಕೊಡುತ್ತಿದ್ದ ಕಾಫಿಯನ್ನು ಬೆಳಿಗ್ಗೆ ಹತ್ತಕ್ಕೆ ತಂದೆವು. ಬುತ್ತಿಯ ಜೊತೆಗೆ ಬೆಲ್ಲ ಹಾಕಿದ ನಿಂಬೆ ಪಾನಕ. ಮೊದಲ ವಾರ ಎಲ್ಲರೂ ಗೊಣಗಿದರು. ಎರಡನೆಯ ವಾರದಿಂದ ಪಾನಕಕ್ಕೆ ಬೆಲ್ಲ ಸಾಲದೆಂಬ ದೂರು ಮಾತ್ರ ಉಳಿಯಿತು.