ಶಾಲೆ ಬಿಟ್ಟ ಮೇಲಿನ ಪಾಠ: ಹೊರಗಿನವರಿಂದ ಪರೀಕ್ಷೆ ಮಾಡಿಸುವ ಮುನ್ನ

ಸರ್ಕಾರಿ ಶಾಲೆಯ ಮಕ್ಕಳಿಗೆ ಸಂಜೆ ಹೊತ್ತು ಪಾಠ ಹೇಳಿಸುವ ಏರ್ಪಾಡಿಗೆ ನಮ್ಮ ಸದಸ್ಯರಲ್ಲಿ ಹಲವರು ತಮ್ಮ ತಮ್ಮ ಊರುಗಳಲ್ಲಿ ಕೈಲಾದ ನೆರವು ಕೊಡುತ್ತಿದ್ದಾರೆ. ಕೆಲವರು ದೀಪದ ಖರ್ಚು ಕೊಟ್ಟರೆ, ಕೆಲವರು ಪಾಠ ಹೇಳುವ ಹುಡುಗ ಹುಡುಗಿಯರ ಗೌರವಧನ ವಹಿಸಿಕೊಂಡಿದ್ದಾರೆ. ಇನ್ನು ಕೆಲವರು ಕತ್ತಲಾಗುವ ಮೊದಲು ಮಕ್ಕಳನ್ನು ಲೈನ್ ಮನೆಗಳಿಗೆ ಮುಟ್ಟಿಸಲು ಜೀಪು ಕಳಿಸುತ್ತಾರೆ. ಎರಡು ಮೂರು ವರ್ಷ ಹೀಗೆ ನಡೆದ ಮೇಲೆ ಒಂದು ಪ್ರಶ್ನೆ ಸಹಜವಾಗಿಯೇ ಏಳುತ್ತದೆ: ಇದರಿಂದ ಮಕ್ಕಳಿಗೆ ಬಂದದ್ದೇನು? ಮೇಷ್ಟ್ರನ್ನು ಕೇಳಿದರೆ ಚೆನ್ನಾಗಿದೆ ಎನ್ನುತ್ತಾರೆ. ಪಾಠ ಹೇಳುವವರನ್ನು ಕೇಳಿದರೆ ಇನ್ನೂ ಚೆನ್ನಾಗಿದೆ ಎನ್ನುತ್ತಾರೆ. ಸಂಘದ ಲೆಕ್ಕವನ್ನು ಕಾರ್ಯದರ್ಶಿಯೇ ಪರಿಶೋಧನೆ ಮಾಡುವಂತಿಲ್ಲವಷ್ಟೆ? ಹಾಗೆಯೇ ಇಲ್ಲಿಯೂ ಹೊರಗಿನವರೊಬ್ಬರನ್ನು ಗೊತ್ತುಮಾಡಿ ಪರೀಕ್ಷೆ ಮಾಡಿಸಬಾರದೇಕೆ ಎಂಬ ಸಲಹೆ ಬಂದಿದೆ. ಸಲಹೆ ಒಳ್ಳೆಯದೇ. ಆದರೆ ಈ ಕೆಲಸವನ್ನು ಬಹು ದೊಡ್ಡ ಪ್ರಮಾಣದಲ್ಲಿ ಮಾಡಿಸಿದ ಅಮೆರಿಕ ದೇಶದಲ್ಲಿ ಏನಾಯಿತೆಂಬುದನ್ನು ಮೊದಲು ತಿಳಿದುಕೊಳ್ಳುವುದು ಲೇಸು.

ಅಲ್ಲಿ ಬಹಳಷ್ಟು ಶಾಲೆಗಳು ಮಧ್ಯಾಹ್ನ ಮೂರರ ಸುಮಾರಿಗೆ ಬಿಡುತ್ತವೆ. ತಂದೆತಾಯಿ ಇಬ್ಬರೂ ದುಡಿಯಲು ಹೋಗುವ ಮನೆಗಳ ಮಕ್ಕಳು ಆಮೇಲೆ ಎಲ್ಲಿರಬೇಕು, ಏನು ಮಾಡಬೇಕು ಎಂಬುದು ಹಳೆಯ ಚಿಂತೆ. 1994ರ ಶಿಕ್ಷಣ ಕಾನೂನಿನಡಿ '21ನೇ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು' ಎಂಬ ಯೋಜನೆ ಹುಟ್ಟಿತು. ಸರ್ಕಾರಿ ಶಾಲೆಯ ಕಟ್ಟಡದಲ್ಲಿಯೇ ಸಂಜೆಯವರೆಗೆ ಮಕ್ಕಳನ್ನು ಇರಿಸಿಕೊಂಡು ಮನೆಪಾಠ ಮಾಡಿಸುವುದು, ತಿಂಡಿ ಕೊಡುವುದು, ಆಟವಾಡಿಸುವುದು ಇದರ ಕ್ರಮ. 1998ರಲ್ಲಿ 4 ಕೋಟಿ ಡಾಲರ್ ಇದ್ದ ಕೇಂದ್ರ ಸರ್ಕಾರದ ಹಣ 2002ರ ಹೊತ್ತಿಗೆ 100 ಕೋಟಿ ಡಾಲರಿಗೆ ಮುಟ್ಟಿತು. ಇಷ್ಟು ಹಣ ಹರಿಯುವಾಗ ಲೆಕ್ಕ ಕೇಳದಿರುವುದುಂಟೇ? ಅಲ್ಲಿಯ ಶಿಕ್ಷಣ ಇಲಾಖೆಯು ಮ್ಯಾಥಮ್ಯಾಟಿಕಾ ಎಂಬ ಹೊರಗಿನ ಸಂಶೋಧನಾ ಸಂಸ್ಥೆಗೆ ಪರೀಕ್ಷೆಯ ಕೆಲಸ ವಹಿಸಿತು.

ಪರೀಕ್ಷೆಯ ವಿಧಾನವನ್ನು ನಮ್ಮ ಬೆಳೆಗಾರರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಳೆರೋಗಕ್ಕೆ ಬೋರ್ಡೋ ಮದ್ದು ಹೊಡೆದ ವರ್ಷ ಮಳೆಯೂ ಕಡಿಮೆಯಾದರೆ, ಕಾಯಿ ಉದುರದೆ ಉಳಿದದ್ದು ಮದ್ದಿನಿಂದಲೋ ಮಳೆ ಇಲ್ಲದ್ದರಿಂದಲೋ ಎಂದು ಹೇಳುವುದು ಹೇಗೆ? ಮದ್ದು ಹೊಡೆಯದ ಕೆಲವು ಸಾಲನ್ನು ಬಿಟ್ಟಿದ್ದರೆ ಮಾತ್ರ ತಿಳಿಯುತ್ತದೆ. ಬಾಳೆಹೊನ್ನೂರಿನಲ್ಲಾಗಲಿ ವಿಟ್ಲದಲ್ಲಾಗಲಿ ಪ್ರಯೋಗದ ತಾಕುಗಳನ್ನು ನೋಡಿದವರಿಗೆ ಇದು ಗೊತ್ತು. ಬಿಡುವ ಸಾಲನ್ನು ಆರಿಸುವಾಗಲೂ ಹಳ್ಳದ ಬದಿಯ ಸೊರಗಿದ ಸಾಲನ್ನೇ ಬಿಟ್ಟು, ಒಳ್ಳೆಯ ಸಾಲಿಗೆ ಮದ್ದು ಹೊಡೆದರೆ ಆ ಪರೀಕ್ಷೆ ಪರೀಕ್ಷೆಯಲ್ಲ. ಆದುದರಿಂದ ಚೀಟಿ ಎತ್ತಿ ಆರಿಸುತ್ತಾರೆ. ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಮಾಡಿದ್ದೂ ಇದನ್ನೇ. ಇದ್ದ ಸ್ಥಳಕ್ಕಿಂತ ಹೆಚ್ಚು ಮಕ್ಕಳು ಸೇರಬಯಸಿದ ಕೇಂದ್ರಗಳಲ್ಲಿ ಚೀಟಿ ಎತ್ತಿ ಕೆಲವರನ್ನು ಸೇರಿಸಿಕೊಂಡು, ಸಿಗದೆ ಹೋದವರನ್ನು ಹೋಲಿಕೆಗೆ ಇಟ್ಟುಕೊಂಡರು. ಕೊನೆಗೆ ಈ ಭಾಗದಲ್ಲಿ 26 ಕೇಂದ್ರಗಳ ಸುಮಾರು 2,300 ಮಕ್ಕಳಿದ್ದರು. ಅದರ ಮೇಲಿನ ಶಾಲೆಗಳಲ್ಲಿ ಚೀಟಿ ಎತ್ತಲಿಲ್ಲ. ಎಲ್ಲ ರೀತಿಯಲ್ಲೂ ಹೋಲುವ ಬೇರೆ ಮಕ್ಕಳನ್ನು ಹುಡುಕಿ ಜೋಡಿ ಮಾಡಿದರು. ಇದು ಚೀಟಿಯಷ್ಟು ಗಟ್ಟಿಯಾದ ಹೋಲಿಕೆಯಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊದಲ ವರ್ಷದ ವರದಿ 2003ರ ಫೆಬ್ರವರಿಯಲ್ಲಿ ಹೊರಬಿತ್ತು. ಓದು ಲೆಕ್ಕಗಳಲ್ಲಿ ಮಕ್ಕಳಿಗೆ ಆದ ಲಾಭ ಬಹಳ ಕಡಿಮೆ, ಹಲವು ಕಡೆ ಏನೂ ಇಲ್ಲ ಎಂದು ಅದು ಹೇಳಿತು. ಮನೆಯಲ್ಲಿ ಒಂಟಿಯಾಗಿರುವ ಮಕ್ಕಳ ಸಂಖ್ಯೆಯೂ ಇಳಿದಿರಲಿಲ್ಲ. ಆ ತಿಂಗಳಲ್ಲಿಯೇ ಮಂಡಿಸಿದ ಬಜೆಟ್ಟಿನಲ್ಲಿ ಸರ್ಕಾರವು ಈ ವರದಿಯನ್ನು ಮುಂದಿಟ್ಟುಕೊಂಡು ಅನುದಾನವನ್ನು 100 ಕೋಟಿಯಿಂದ 60 ಕೋಟಿ ಡಾಲರಿಗೆ ಇಳಿಸಲು ಹೊರಟಿತು. ಒಂದು ವರ್ಷದ ವರದಿ, ನೂರಕ್ಕೆ ನಲವತ್ತು ಕಡಿತ! ತಂದೆತಾಯಿಗಳೂ ಶಾಲೆಗಳವರೂ ಎದ್ದುನಿಂತರು. ಮೇ ತಿಂಗಳಲ್ಲಿ ಅಲ್ಲಿಯ ಸೆನೆಟ್ ಸಮಿತಿಯ ಮುಂದೆ ವಿಚಾರಣೆ ನಡೆದಾಗ ಕಾರ್ಯಕ್ರಮದ ಪರವಾಗಿ ಮಾತನಾಡಿದವರಲ್ಲಿ ಚಲನಚಿತ್ರ ನಟ ಆರ್ನಾಲ್ಡ್ ಶ್ವಾರ್ಜ಼್‌ನೆಗರ್ ಒಬ್ಬರು. ಅದೇ ವರ್ಷ ಅವರು ಕ್ಯಾಲಿಫೋರ್ನಿಯದ ರಾಜ್ಯಪಾಲರಾಗಿ ಚುನಾಯಿತರಾದರು. ಕೊನೆಗೆ ಅಲ್ಲಿಯ ಸಂಸತ್ತು ಹಣವನ್ನು ಹೆಚ್ಚುಕಡಿಮೆ ಇದ್ದಷ್ಟೇ ಉಳಿಸಿತು.

ಹಾಗಾದರೆ ವರದಿ ಸುಳ್ಳೇ? ಅಲ್ಲ. 2005ರಲ್ಲಿ ಹೊರಬಂದ ಪ್ರಾಥಮಿಕ ಶಾಲೆಗಳ ಕೊನೆಯ ವರದಿಯೂ ಓದಿನ ಮಟ್ಟಿಗೆ ಅದನ್ನೇ ಹೇಳಿತು. ಕೇಂದ್ರಕ್ಕೆ ಹೋಗುವ ಮಕ್ಕಳಿಗೆ ಸಂಜೆ ಹೊತ್ತು ತಾವು ಸುರಕ್ಷಿತರೆಂಬ ಭಾವನೆ ಹೆಚ್ಚಿದೆ, ಆದರೆ ಶಾಲೆಯಲ್ಲಿ ಅವರ ನಡತೆಯ ತೊಂದರೆಗಳೂ ಹೆಚ್ಚಿವೆ ಎಂದು ಸೇರಿಸಿತು. ತೊಡಕಿದ್ದದ್ದು ವರದಿಯನ್ನು ಓದಿದ ರೀತಿಯಲ್ಲಿ. ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದು, ಪ್ರಾಥಮಿಕ ಶಾಲೆಯ ಮಕ್ಕಳು ಕೇಂದ್ರಕ್ಕೆ ಬರುತ್ತಿದ್ದುದು ಸರಾಸರಿ ವಾರಕ್ಕೆ ಎರಡು ದಿನ ಮಾತ್ರ. ದೊಡ್ಡ ಮಕ್ಕಳು ಒಂದು ದಿನ. ನೂರು ಮರಕ್ಕೆ ಮದ್ದೆಂದು ಲೆಕ್ಕ ಬರೆದು, ಕೊನೆಗಾರ ಮೂವತ್ತು ಮರ ಮಾತ್ರ ಹತ್ತಿ ಇಳಿದರೆ ತೋಟದ ಸರಾಸರಿಯಲ್ಲಿ ಮದ್ದಿನ ಗುಣ ಕಾಣುವುದೇ? ಹಾಗೆಂದು ಆ ಸರಾಸರಿ ತಪ್ಪೂ ಅಲ್ಲ: ಕೂಲಿ ಕೊಟ್ಟದ್ದು ನೂರು ಮರಕ್ಕಾದರೆ ನೂರು ಮರದ ಫಲವನ್ನೇ ಕೇಳಬೇಕು. ಎರಡನೆಯದು, ಚೀಟಿಯಲ್ಲಿ ಹೆಸರು ಬಾರದ ಮಕ್ಕಳು ಬೀದಿಯಲ್ಲಿರಲಿಲ್ಲ. ಹೆಚ್ಚಿನವರು ಮನೆಯಲ್ಲಿ ಹೆತ್ತವರೊಡನೆಯೋ ಅಕ್ಕ ಅಣ್ಣಂದಿರೊಡನೆಯೋ ಇದ್ದರು. ಹೋಲಿಕೆ ನಡೆದದ್ದು ಪಾಠಕ್ಕೂ ಶೂನ್ಯಕ್ಕೂ ಅಲ್ಲ, ಕೇಂದ್ರಕ್ಕೂ ಮನೆಗೂ.

ನಮ್ಮ ದೇಶದಲ್ಲಿಯೇ ಇದಕ್ಕೆ ಸಮಾನವಾದ ಒಂದು ಪರೀಕ್ಷೆ ನಡೆದಿದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ 2005-06ರಲ್ಲಿ ಪ್ರಥಮ್ ಸಂಸ್ಥೆಯವರೂ, 2019ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೂ ಸೇರಿ ಮಾಡಿದ್ದು. ಕೆಲವು ಹಳ್ಳಿಗಳಲ್ಲಿ ಸಭೆ ಸೇರಿಸಿ ಶಾಲಾ ಸಮಿತಿಯ ಅಧಿಕಾರಗಳನ್ನು ವಿವರಿಸಿ ಹೇಳಿದರು. ಅದರಿಂದ ಮಕ್ಕಳ ಓದಿನಲ್ಲಿ ಏನೂ ಬದಲಾಗಲಿಲ್ಲ. ಇನ್ನು ಕೆಲವು ಹಳ್ಳಿಗಳಲ್ಲಿ ಊರಿನ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ಶಾಲೆಯ ಸಮಯದ ಹೊರಗೆ ಓದುವ ತರಗತಿ ನಡೆಸಿದರು. ಒಂದಕ್ಷರವೂ ಬಾರದೆ ಆ ತರಗತಿಗೆ ಬಂದ ಮಕ್ಕಳೆಲ್ಲರೂ ವರ್ಷದ ಕೊನೆಗೆ ಅಕ್ಷರ ಗುರುತಿಸಿದರು. ತರಗತಿ ಇಲ್ಲದ ಹಳ್ಳಿಗಳಲ್ಲಿ ಅಂಥ ಮಕ್ಕಳಲ್ಲಿ ನೂರಕ್ಕೆ ನಲವತ್ತು ಮಂದಿ ಮಾತ್ರ. ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ಆದರೆ ಆ ಹಳ್ಳಿಗಳ ಒಟ್ಟು ಮಕ್ಕಳಲ್ಲಿ ತರಗತಿಗೆ ಬಂದವರು ನೂರಕ್ಕೆ ಎಂಟು ಮಾತ್ರ. ಬಂದವರಿಗೆ ಫಲ ಸಿಕ್ಕಿತು, ಬಾರದವರೇ ಹೆಚ್ಚು. ಇಲ್ಲಿ ಸರಿಪಡಿಸಬೇಕಾದದ್ದು ಪಾಠದ ವಿಧಾನವನ್ನಲ್ಲ, ಮಕ್ಕಳನ್ನು ಕರೆತರುವ ಏರ್ಪಾಡನ್ನು ಎಂಬುದು ಅಂಕಿಗಳನ್ನು ಹೀಗೆ ಬಿಡಿಸಿ ನೋಡಿದ್ದರಿಂದ ತಿಳಿಯಿತು.

ಪಾಠದ ವಿಧಾನವೂ ಮುಖ್ಯವೇ. ಅಮೆರಿಕದ ಶಿಕ್ಷಣ ಇಲಾಖೆಯು ಮುಂದೆ ಎಂಡಿಆರ್‌ಸಿ ಎಂಬ ಇನ್ನೊಂದು ಸಂಸ್ಥೆಯಿಂದ ಮಾಡಿಸಿ 2009ರಲ್ಲಿ ಮುಗಿಸಿದ ಪರೀಕ್ಷೆಯಲ್ಲಿ, ಸಂಜೆ ಸುಮ್ಮನೆ ಮನೆಪಾಠಕ್ಕೆ ಕೂರಿಸುವ ಬದಲು ಕ್ರಮಬದ್ಧವಾಗಿ ಲೆಕ್ಕ ಕಲಿಸಿದಾಗ ಒಂದು ವರ್ಷದಲ್ಲಿ ಸ್ವಲ್ಪ ಲಾಭ ಕಂಡುಬಂತು. ಎರಡನೆಯ ವರ್ಷ ಕೂರಿಸಿದ್ದರಿಂದ ಹೆಚ್ಚೇನೂ ಸಿಗಲಿಲ್ಲ. ಓದಿನಲ್ಲಂತೂ ಲಾಭ ಕಾಣಲೇ ಇಲ್ಲ.

ಇನ್ನು ನಮ್ಮ ಸದಸ್ಯರ ಪ್ರಶ್ನೆಗೆ ಬರೋಣ. ಒಂದು ಊರಿನ ಮೂವತ್ತು ನಲವತ್ತು ಮಕ್ಕಳ ತರಗತಿಗೆ ಸಂಶೋಧಕರನ್ನು ಕರೆಸಿ 'ಫಲ ಸಿಕ್ಕಿತೇ' ಎಂಬ ದೊಡ್ಡ ಪರೀಕ್ಷೆ ಮಾಡಿಸುವುದು ದುಡ್ಡು ದಂಡವೆಂದೇ ನಾವು ಹೇಳುತ್ತೇವೆ. ಅಷ್ಟು ಕಡಿಮೆ ಮಕ್ಕಳಲ್ಲಿ ಮೂವರಿಗೆ ಜ್ವರ ಬಂದರೂ ಸರಾಸರಿ ಏರುಪೇರಾಗುತ್ತದೆ. ಅಂಥಲ್ಲಿ ಹೊರಗಿನವರಿಂದ ಮಾಡಿಸತಕ್ಕದ್ದು ಓದಿನ ಪರೀಕ್ಷೆಯೊಂದನ್ನು ಮಾತ್ರ. ಪ್ರಥಮ್‌ನವರು 2005ರಿಂದ 'ಅಸರ್' ಸಮೀಕ್ಷೆಗೆ ಬಳಸುತ್ತಿರುವ ಓದಿನ ಹಾಳೆ ಕನ್ನಡದಲ್ಲಿಯೂ ಇದೆ. ಅಕ್ಷರ, ಪದ, ಸಣ್ಣ ಪ್ಯಾರಾ, ಕಥೆ ಇವಿಷ್ಟನ್ನು ಒಂದೊಂದು ಮಗುವನ್ನೂ ಪ್ರತ್ಯೇಕವಾಗಿ ಕೂರಿಸಿಕೊಂಡು ಓದಿಸುವುದು; ಕೆಲವೇ ನಿಮಿಷಗಳ ಕೆಲಸ. ಪಕ್ಕದ ತಾಲ್ಲೂಕಿನ ಶಿಕ್ಷಕರೊಬ್ಬರು ವರ್ಷಕ್ಕೆ ಎರಡು ಸಲ ಬಂದು ಇದನ್ನು ಮಾಡಿದರೆ ಸಾಕು. ಪಾಠ ಹೇಳುವವರೇ ಮಾಡಬಾರದು, ಅವರು ಎಷ್ಟೇ ಪ್ರಾಮಾಣಿಕರಾಗಿದ್ದರೂ.

ಹತ್ತು ಊರುಗಳವರು ಕೂಡಿ ಹೊಸದಾಗಿ ತರಗತಿ ಆರಂಭಿಸುವುದಾದರೆ ಮಾತು ಬೇರೆ. ಹಣ ಹೇಗೂ ಒಂದೇ ವರ್ಷದಲ್ಲಿ ಹತ್ತು ಕಡೆಗೂ ಸಾಲುವುದಿಲ್ಲ. ಎಲ್ಲರ ಎದುರಿಗೆ ಚೀಟಿ ಎತ್ತಿ ಐದು ಊರುಗಳಲ್ಲಿ ಈ ವರ್ಷ, ಉಳಿದ ಐದರಲ್ಲಿ ಬರುವ ವರ್ಷ ಎಂದು ಮಾಡಿದರೆ ಯಾರಿಗೂ ಅನ್ಯಾಯವಿಲ್ಲ, ಹೋಲಿಕೆಯೂ ತಾನಾಗಿ ಸಿಗುತ್ತದೆ. ಹತ್ತು ಊರಿನಿಂದಲೂ ಸಣ್ಣ ವ್ಯತ್ಯಾಸ ಪತ್ತೆಯಾಗದು; ಆದರೆ ಜೌನ್‌ಪುರದ ತರಗತಿಗೆ ಬಂದ ಮಕ್ಕಳಲ್ಲಿ ಕಂಡಂಥ ವ್ಯತ್ಯಾಸ ಕಣ್ಣಿಗೆ ಬೀಳದೆ ಹೋಗದು. ಆಗ ಮೌಲ್ಯಮಾಪಕರನ್ನು ಗೊತ್ತುಮಾಡುವುದು ತರಗತಿ ಆರಂಭವಾಗುವ ಮುನ್ನವೇ ಆಗಬೇಕು. ಮೂರು ವರ್ಷ ಕಳೆದ ಮೇಲೆ ಕರೆಸಿದರೆ, ಮೊದಲು ಮಕ್ಕಳಿಗೆ ಏನು ಬರುತ್ತಿತ್ತೆಂದು ಅವರಿಗೆ ಯಾರು ಹೇಳಬೇಕು? ಒಪ್ಪಂದದಲ್ಲಿ ಹಣ ಸಲ್ಲಿಸುವುದು ವರದಿಯ ದಿನಾಂಕಕ್ಕೆ, ಫಲಿತಾಂಶಕ್ಕಲ್ಲ ಎಂದು ಬರೆದಿರತಕ್ಕದ್ದು. ಕರಡನ್ನು ಮೊದಲು ನಮಗೆ ತೋರಿಸಲಿ. ಹೆಸರು, ಸಂಖ್ಯೆ ತಪ್ಪಿದ್ದರೆ ತಿದ್ದಿಸೋಣ. ತೀರ್ಮಾನವನ್ನು ತಿದ್ದುವ ಹಕ್ಕು ಹಣ ಕೊಟ್ಟವರಿಗಿಲ್ಲ. ಮುಂದಿನ ವರ್ಷದ ಧನಸಹಾಯಕ್ಕೆ ಅರ್ಜಿ ಬರೆದುಕೊಡುವವರಿಂದಲೇ ಪರೀಕ್ಷೆಯನ್ನೂ ಮಾಡಿಸುವುದು ಬೇಡ. ಮಕ್ಕಳ ಹೆಸರು, ಅಂಕ ತೆಗೆದುಕೊಳ್ಳುವ ಮೊದಲು ಮುಖ್ಯೋಪಾಧ್ಯಾಯರ, ಶಾಲಾಭಿವೃದ್ಧಿ ಸಮಿತಿಯ ಹಾಗೂ ತಂದೆತಾಯಿಗಳ ಒಪ್ಪಿಗೆ ಬೇಕು. ಕಡಿಮೆ ಅಂಕದ ಮಕ್ಕಳ ಹೆಸರನ್ನು ಸಭೆಯಲ್ಲಿ ಓದುವ ಚಾಳಿ ಖಂಡಿತ ಕೂಡದು.

ಇನ್ನೊಂದು ಸಂಗತಿ ಪಟ್ಟಣದಿಂದ ಬರುವವರಿಗೆ ತಿಳಿದಿರುವುದಿಲ್ಲ, ನಾವೇ ಹೇಳಬೇಕು. ಜೂನ್‌ನಲ್ಲಿ ಮೊದಲ ಪರೀಕ್ಷೆ ಮುಗಿಯುವಷ್ಟರಲ್ಲಿ ಮಳೆ ಹಿಡಿದು, ಹಳ್ಳ ದಾಟಿ ಬರುವ ಮಕ್ಕಳು ಸಂಜೆಗೆ ನಿಲ್ಲುವುದಿಲ್ಲ. ಕಾಫಿ ಕೊಯ್ಲಿಗೆ ಬಯಲುಸೀಮೆಯಿಂದ ಬಂದವರ ಮಕ್ಕಳು ನಡುವರ್ಷದಲ್ಲಿ ಸೇರಿ, ರೊಬಸ್ಟಾ ಮುಗಿದೊಡನೆ ಹೊರಟುಹೋಗುತ್ತಾರೆ. ಅಡಿಕೆ ಸುಲಿಯುವ ದಿನಗಳಲ್ಲಿ ನಮ್ಮ ಮನೆಗಳ ಮಕ್ಕಳೇ ಕಾಣಿಸುವುದಿಲ್ಲ. ಜೂನ್‌ನ ಪಟ್ಟಿಯಲ್ಲಿದ್ದ ಮಕ್ಕಳೇ ಬೇರೆ, ಮಾರ್ಚಿಯಲ್ಲಿ ಕೂತ ಮಕ್ಕಳೇ ಬೇರೆಯಾದರೆ ಎರಡು ಸರಾಸರಿಗಳನ್ನು ಪಕ್ಕಪಕ್ಕ ಇಟ್ಟು ಏನೂ ಹೇಳಲಾಗದು. ಆದುದರಿಂದ ಮಗು ಸೇರಿದ ತಾರೀಖು, ಬಿಟ್ಟ ತಾರೀಖು, ನಡುವೆ ಬಂದ ದಿನಗಳು ಇವಿಷ್ಟನ್ನೂ ಹಾಜರಿ ಪುಸ್ತಕದಲ್ಲಿ ಮೊದಲ ದಿನದಿಂದಲೇ ಬರೆಸುವುದು. ಮಾರ್ಚಿಯಲ್ಲಿ ಬರುವ ಮೌಲ್ಯಮಾಪಕರು ಬಲ್ಲವರಾದರೆ ಮೊದಲು ಕೇಳುವುದು ಆ ಪುಸ್ತಕವನ್ನೇ.