ಸಂಕಷ್ಟಕ್ಕೆ ಮೊದಲೇ ನೋಂದಣಿ: ವಿದ್ಯಾರ್ಥಿಗಳು ಹಾಗೂ ಯುವ ಕಾರ್ಮಿಕರಿಗೆ ಆರ್ಥಿಕ ನೆರವು

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದ ಬಳಿಕ ಬೆಂಗಳೂರು ಮೊದಲಾದ ನಗರಗಳಲ್ಲಿ ದುಡಿಯುತ್ತಿದ್ದ ಅಪಾರ ಸಂಖ್ಯೆಯ ಯುವಜನರು ಕೆಲಸ ಕಳೆದುಕೊಂಡು ಸ್ವಗ್ರಾಮಗಳಿಗೆ ಮರಳಿದರು. ಕಾಲೇಜುಗಳು ಮುಚ್ಚಿದವು. ಸರ್ಕಾರಗಳು ನೆರವು ಘೋಷಿಸಿದವು. ಆದರೆ ಒಂದೇ ಕೇರಿಯಲ್ಲಿ ಒಂದೇ ಬಗೆಯ ಕೆಲಸ ಮಾಡುತ್ತಿದ್ದ ಇಬ್ಬರಲ್ಲಿ ಒಬ್ಬರಿಗೆ ಹಣ ದೊರೆತು ಮತ್ತೊಬ್ಬರಿಗೆ ದೊರೆಯದಿರಲು ಅವಕಾಶವಿತ್ತು. ಈ ವ್ಯತ್ಯಾಸಕ್ಕೆ ಬಹುಮಟ್ಟಿಗೆ ಕಾರಣ ಬಡತನವಲ್ಲ, ನೋಂದಣಿ.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯು 2020ರಲ್ಲಿ ತಲಾ ರೂ. 5,000 ಹಾಗೂ 2021ರ ಎರಡನೇ ಅಲೆಯಲ್ಲಿ ರೂ. 3,000 ನೆರವು ನೀಡಿತು. ಇದು ನೋಂದಾಯಿತರಿಗೆ ಮಾತ್ರ ಅನ್ವಯಿಸಿತು. 18ರಿಂದ 60 ವರ್ಷದೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿದವರು ನೋಂದಣಿಗೆ ಅರ್ಹರು. ಗಾರೆ ಕೆಲಸಕ್ಕೆ ಹೋಗುತ್ತಿದ್ದ ಎಷ್ಟೋ ಯುವಕರು ಅರ್ಹತೆಯಿದ್ದರೂ ಹೆಸರು ಬರೆಸಿರಲಿಲ್ಲ.

ಉದ್ಯೋಗ ಖಾತರಿ ಯೋಜನೆಗೆ ಕೇಂದ್ರ ಸರ್ಕಾರವು 2020ರ ಮೇ ತಿಂಗಳಲ್ಲಿ ಹೆಚ್ಚುವರಿ ರೂ. 40,000 ಕೋಟಿ ಒದಗಿಸಿತು. ಪದವೀಧರರೂ ಜಾಬ್ ಕಾರ್ಡ್ ಪಡೆದು ಕೆರೆ ಹೂಳೆತ್ತುವ, ಬದು ನಿರ್ಮಿಸುವ ಕೆಲಸಕ್ಕೆ ಬಂದರು. ಕೆಲಸ ಕೋರಿದ 15 ದಿನಗಳೊಳಗೆ ಕೆಲಸ ದೊರೆಯದಿದ್ದಲ್ಲಿ ನಿರುದ್ಯೋಗ ಭತ್ಯೆಗೆ ಕಾಯ್ದೆಯಲ್ಲಿ ಅವಕಾಶವಿತ್ತು. ಆದರೆ ದಿನಾಂಕವಿರುವ ಸ್ವೀಕೃತಿ ಪತ್ರವಿಲ್ಲದೆ ಬಾಯಿಮಾತಿನಲ್ಲಿ ಕೆಲಸ ಕೇಳಿದವರು ಆ ಹಕ್ಕನ್ನು ಸಾಬೀತುಪಡಿಸುವುದು ಕಷ್ಟವಾಗಿತ್ತು.

ತಂದೆ-ತಾಯಿ ಇಬ್ಬರನ್ನೂ ಕೋವಿಡ್‌ನಿಂದ ಕಳೆದುಕೊಂಡ ಮಕ್ಕಳಿಗಾಗಿ 2021ರ ಮೇ 29ರಂದು ಎರಡು ಯೋಜನೆಗಳು ಘೋಷಣೆಯಾದವು. ರಾಜ್ಯದ ಮುಖ್ಯಮಂತ್ರಿ ಬಾಲ ಸೇವಾ ಯೋಜನೆಯಡಿ ಮಾಸಿಕ ರೂ. 3,500 ನಿಗದಿಯಾಯಿತು. ಪಿಎಂ ಕೇರ್ಸ್ ಮಕ್ಕಳ ಯೋಜನೆಯಡಿ ಮಗುವಿಗೆ 18 ವರ್ಷ ತುಂಬುವ ವೇಳೆಗೆ ರೂ. 10 ಲಕ್ಷದ ನಿಧಿ, 18ರಿಂದ 23 ವರ್ಷದವರೆಗೆ ಅದರಿಂದ ಮಾಸಿಕ ನೆರವು, 23ನೇ ವರ್ಷದಲ್ಲಿ ಪೂರ್ಣ ಮೊತ್ತ ಎಂದು ಗೊತ್ತುಪಡಿಸಲಾಯಿತು. ಅಂದು ಶಾಲೆಯಲ್ಲಿದ್ದ ಆ ಮಕ್ಕಳಲ್ಲಿ ಹಲವರು ಇಂದು ಕಾಲೇಜು ವಿದ್ಯಾರ್ಥಿಗಳು. ಅವರ ವಿಷಯದಲ್ಲಿ ಪಂಚಾಯತಿಯ ಹೊಣೆ ಇನ್ನೂ ಮುಗಿದಿಲ್ಲ.

ಹೆಸರು ಪಟ್ಟಿಯಲ್ಲಿದ್ದರೂ ಹಣ ತಲುಪದ ಸಂದರ್ಭಗಳುಂಟು. ಆಧಾರ್ ಆಧಾರಿತ ಪಾವತಿಯು ಫಲಾನುಭವಿಯು ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಜಮೆಯಾಗುತ್ತದೆ. ನಗರದಲ್ಲಿ ತೆರೆದು ಮರೆತ ಖಾತೆಯೇ ಅದಾಗಿದ್ದರೆ ಊರಿನ ಪಾಸ್‌ಪುಸ್ತಕದಲ್ಲಿ ಏನೂ ಕಾಣದು.

ಆದ್ದರಿಂದ ಸದಸ್ಯರು ತಮ್ಮ ವಾರ್ಡ್‌ಗಳಲ್ಲಿ ಕೆಳಕಂಡ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ:

1. ಹೊರ ಊರಿನಲ್ಲಿ ದುಡಿಯುವ ಹಾಗೂ ಓದುವ ಯುವಜನರ ಪಟ್ಟಿಯನ್ನು ಸಿದ್ಧಪಡಿಸಿ ವಾರ್ಡ್ ಸಭೆಯಲ್ಲಿ ಓದುವುದು.

2. 16ರಿಂದ 59 ವರ್ಷದ ಅಸಂಘಟಿತ ಕಾರ್ಮಿಕರನ್ನು ಇ-ಶ್ರಮ್‌ನಲ್ಲಿ, ನಿರ್ಮಾಣ ಕಾರ್ಮಿಕರನ್ನು ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ನೆರವಾಗುವುದು.

3. ಆಧಾರ್ ಯಾವ ಖಾತೆಗೆ ಜೋಡಣೆಯಾಗಿದೆ ಎಂಬುದನ್ನು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಲು ತಿಳಿಸುವುದು.

4. ಮರಣವನ್ನು 21 ದಿನಗಳೊಳಗೆ ನೋಂದಾಯಿಸುವಂತೆ ಕುಟುಂಬಕ್ಕೆ ಸೂಚಿಸುವುದು. ಮಕ್ಕಳು ಅನಾಥರಾಗಿದ್ದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸುವುದು.

ಈ ಕೆಲಸಗಳಿಗೆ ಪ್ರತ್ಯೇಕ ಅನುದಾನಕ್ಕಾಗಿ ಕಾಯಬೇಕಾಗಿಲ್ಲ. ಮುಂದಿನ ವಾರ್ಡ್ ಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವಾಗಿ ಸೇರಿಸಿದರೆ ಸಾಕು.